ತಟ್ಟಿ ನೋಡದ ಗಡಿಗೆ

ಗಡಿಗೆಣ್ಣನ ಮನೆಯ ಮಡಕೆ ಸುಡುವ ಆವಿಗೆ ಮಳೆಗೆ ಆರಿದ್ದುಂಟು, ಸೌದೆ ಸಾಲದೆ ಆರಿದ್ದುಂಟು. ಒಂದು ಸಲ ಮಾತ್ರ ಒಂದು ಪದದಿಂದ ಆರಿತು. ಆ ಪದ ಯಾವುದೆಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಥ ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಮತ್ತು ಎಲ್ಲರೂ ತಮ್ಮದೇ ಸರಿ ಎನ್ನುತ್ತಾರೆ.

ಗಡಿಗೆಣ್ಣ ಎಂಬುದು ಬೀದಿ ಇಟ್ಟ ಹೆಸರು. ಮನೆ ಬೀದಿಯ ಕೊನೆಯಲ್ಲಿ, ದಾರಿ ಕೆರೆಯ ಕಡೆ ಹೊರಳುವ ಮೂಲೆಯಲ್ಲಿದೆ. ಮುಂದೆ ಅಂಗಳ, ಅಂಗಳದ ತುಂಬ ಒಣಗಲು ಇಟ್ಟ ಗಡಿಗೆ, ಹೂಜಿ, ಹೂವಿನ ಕುಂಡ. ಹಿಂದೆ ಅವನ್ನು ಸುಡುವ ಆವಿಗೆ. ಆ ಮನೆಯಲ್ಲಿ ಮಣ್ಣು ತುಳಿಯುವವಳು ಹೆಂಡತಿ, ಚಕ್ರದ ಮುಂದೆ ಕೂರುವವಳು ಮಗಳು. ಗಡಿಗೆಣ್ಣನ ಪಾಲಿಗೆ ಉಳಿದದ್ದು ಬೆಂಕಿ ಮತ್ತು ಬಾಯಿ. ಅಂದರೆ ಅವನು ಸುಡುತ್ತಿದ್ದ, ಮತ್ತು ಮಾರುತ್ತಿದ್ದ.

ಮಾರುವಾಗ ಅವನದೊಂದು ಪದ್ಧತಿ. ಯಾರೇ ಗಡಿಗೆ ಎತ್ತಿಕೊಂಡರೂ, "ತಟ್ಟಿ ನೋಡಿ ತಗೊಳ್ಳಿ" ಎನ್ನುತ್ತಿದ್ದ. ಅವರು ತಟ್ಟದಿದ್ದರೆ ತಾನೇ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ತಂದು ಕೇಳಿಸುತ್ತಿದ್ದ. ಚೆನ್ನಾಗಿ ಬೆಂದ ಗಡಿಗೆ ಖಣ್ಣೆಂದು ದನಿ ಕೊಡುತ್ತದೆ. ಬೇಯದ ಹಸಿ ಗಡಿಗೆ ದಪ್ಪೆಂದು ಸುಮ್ಮನಾಗುತ್ತದೆ. ಕಣ್ಣಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಏಕೆಂದರೆ ಅವನ ಹೆಂಡತಿ ಹಸಿ ಗಡಿಗೆಗೇ ಕೆಮ್ಮಣ್ಣಿನ ತಿಳಿ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ, ಬೆಂದದ್ದಕ್ಕಿಂತ ಒಂದು ಕೈ ಮಿಗಿಲಾಗಿ ಹೊಳೆಯುವಂತೆ ಮಾಡಿಡುತ್ತಿದ್ದಳು. ಈ ಸಂಗತಿಯನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಗಡಿಗೆಣ್ಣ ಇಟ್ಟುಕೊಳ್ಳಲಿಲ್ಲ.

ಎಲ್ಲ ಶುರುವಾದದ್ದು ಒಂದು ಹೋಟೆಲಿನಿಂದ ಕುಂಡ ಕೊಳ್ಳಲು ಬಂದ ಹೆಂಗಸಿನಿಂದ. ಆಕೆ ಕುಂಡವನ್ನು ತಿರುಗಿಸಿ ನೋಡಿ, ಇದು ಟೆರ್ರಾಕೋಟಾ ಅಲ್ಲವೇ ಎಂದಳು. ಗಡಿಗೆಣ್ಣ ನಾಲಿಗೆ ಕಚ್ಚಿಕೊಂಡು, ಅಂಥ ಮೋಸದ ಮಾಲು ನಾವು ಇಡುವುದಿಲ್ಲ, ಇದು ಅಪ್ಪಟ ಮಣ್ಣು ಎಂದ. ಆಕೆ ನಕ್ಕು ಬಿಡಿಸಿ ಹೇಳಿದಳು. ಟೆರ್ರಾ ಎಂದರೆ ಭೂಮಿ, ಮಣ್ಣು. ಕೋಟಾ ಎಂದರೆ ಬೆಂದದ್ದು. ಮೂಲ ಲ್ಯಾಟಿನ್.

ಆಕೆ ಕುಂಡ ಕೊಂಡು ಹೋದಳು. ಪದ ಇಲ್ಲೇ ಉಳಿಯಿತು. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಇಷ್ಟು ಕಾಲ ಲ್ಯಾಟಿನ್ ಕೆಲಸ ಮಾಡಿಕೊಂಡು ಬಂದಿದ್ದಾರೆ, ಪಾಪ, ಅವರಿಗೇ ಗೊತ್ತಿಲ್ಲ ಎಂದು ಗಡಿಗೆಣ್ಣ ಹೆಂಡತಿಗೆ ಹೇಳಿದ. ಕೋಟಾ ಎಂಬ ಬಾಲ ಮಾತ್ರ ಅವನಿಗೆ ಹಿಡಿಸಲಿಲ್ಲ. ಬೆಂದದ್ದು ಎಂದರೆ ಅಡುಗೆಮನೆ ನೆನಪಾಗುತ್ತದೆ, ಘನತೆ ಇಲ್ಲ. ಅದನ್ನು ಕಿತ್ತು ಹಾಕಿ ಟೆರ್ರಾ ಒಂದನ್ನೇ ಇಟ್ಟುಕೊಂಡ.

ಪಕ್ಕದ ಮನೆ ದರ್ಜಿಗೆ ಅಂದು ಸಂಜೆಯೇ ಸುದ್ದಿ ತಲುಪಿತು. ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ತುಂಬ ಹೊತ್ತು ಯೋಚಿಸಿದ.

"ಹಾಗಾದ್ರೆ ಟೆರಿಕಾಟ್ ಬಟ್ಟೆ ಮಣ್ಣಿಂದ ಮಾಡ್ತಾರೇನಣ್ಣ?"

ಗಡಿಗೆಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. ಇರಬಹುದು, ತೊಳೆದರೆ ಬೇಗ ಒಣಗುತ್ತದಲ್ಲ ಎಂದ. ಅಂದಿನಿಂದ ದರ್ಜಿ ಟೆರಿಕಾಟ್ ಪ್ಯಾಂಟು ಹೊಲಿಸಲು ಬಂದವರಿಗೆಲ್ಲ, ಇದು ಹೇಗೂ ಮಣ್ಣು ಪಾಲಾಗಬೇಕಾದ್ದೇ, ಕೊಂಚ ಉದ್ದವೇ ಇರಲಿ ಎನ್ನತೊಡಗಿದ. ಎಷ್ಟೋ ಜನ ಹತ್ತಿ ಬಟ್ಟೆಗೆ ಬದಲಾಯಿಸಿದರು.

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಮಗಳ ವಿಷಯ ನಡುವೆ ಬಂತು.

ಊರಾಚೆಯ ಸಸಿ ತೋಟದಲ್ಲಿ ಕೆಲಸ ಮಾಡುವ ಹುಡುಗ ಸಸಿಗಳಿಗೆ ಕುಂಡ ಒಯ್ಯಲು ಬರುತ್ತಿದ್ದ. ಬರಬರುತ್ತಾ ಅವನು ಒಯ್ಯುವ ಕುಂಡ ಕಡಿಮೆಯಾಗಿ, ಬರುವುದು ಹೆಚ್ಚಾಯಿತು. ಬಿರುಕು ಬಿಟ್ಟಿದೆ ಎಂದು ಹಿಂದಕ್ಕೆ ತರುತ್ತಿದ್ದ ಕುಂಡಗಳನ್ನು ಗಡಿಗೆಣ್ಣ ತಟ್ಟಿ ನೋಡಿದರೆ ಎಲ್ಲವೂ ಖಣ್ಣೆನ್ನುತ್ತಿದ್ದವು. ಮಗಳು ಚಕ್ರದ ಮುಂದೆ ತಲೆ ಬಗ್ಗಿಸಿ ನಗುತ್ತಿದ್ದಳು. ಬೀದಿಗೆ ಮೊದಲು ಅರ್ಥವಾಯಿತು, ಆಮೇಲೆ ಹೆಂಡತಿಗೆ, ಕೊನೆಗೆ ಗಡಿಗೆಣ್ಣನಿಗೆ. ಅರ್ಥವಾದ ಮೇಲೆ ಅವನಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ಹೆದರಿಕೆಗೆ ಕಾರಣವಿತ್ತು. ಹಿಂದೊಮ್ಮೆ ಮಗಳ ಮದುವೆಯ ಮಾತುಕತೆಗೆಂದು ಒಬ್ಬರು ಕಾರಿನಲ್ಲಿ ಬಂದಿದ್ದರು. ಅಂಗಳದ ಕೆಸರನ್ನೂ, ಮೊಣಕಾಲಿನವರೆಗೆ ಮಣ್ಣಾಗಿ ನಿಂತಿದ್ದ ಅವನ ಹೆಂಡತಿಯನ್ನೂ ಕಿಟಕಿಯಿಂದ ನೋಡಿ, ದಾರಿ ತಪ್ಪಿ ಬಂದೆವು ಎಂದು ಹಾಗೇ ಹಿಂದೆ ತಿರುಗಿಸಿಕೊಂಡು ಹೋದರು. ಮಗಳು ಅವತ್ತು ನಕ್ಕುಬಿಟ್ಟಳು. ಗಡಿಗೆಣ್ಣ ನಗಲಿಲ್ಲ. ಕಾರಿನ ಚಕ್ರದ ಗುರುತನ್ನು ಅಂಗಳದಿಂದ ತಾನೇ ಗುಡಿಸಿ ತೆಗೆದ.

ಈಗ ಹುಡುಗನ ಅಪ್ಪನಿಂದ ಫೋನು ಬಂತು. ಅವರು ನಿವೃತ್ತ ಮೇಷ್ಟ್ರು. ಒಂದು ಮಾತು ಎಲ್ಲಿಂದ ಬಂತು, ಅದರ ಅಕ್ಕತಂಗಿಯರು ಯಾರು ಎಂದು ವಿಚಾರಿಸುವ ಚಟದವರು. ತರಕಾರಿ ಕೊಳ್ಳಲು ಹೋದರೆ ತರಕಾರಿಯ ಹೆಸರಿನ ಬಗ್ಗೆಯೇ ಮಾತಾಡುತ್ತ ನಿಂತು ಬರಿಗೈಯಲ್ಲಿ ಬರುತ್ತಾರೆಂದು ಹುಡುಗನೇ ಹೇಳಿದ್ದ. ಮೇಷ್ಟ್ರು ಕ್ಷೇಮ ಸಮಾಚಾರ ಕೇಳಿ, ಮಾತಿಗೆ ಮಾತು ಬರಲೆಂದು, ಕೆಲಸ ಹೇಗೆ ನಡೆಯುತ್ತಿದೆ ಎಂದರು. ಗಡಿಗೆಣ್ಣನ ಕಣ್ಣ ಮುಂದೆ ಆ ಕಾರು ಬಂದು ನಿಂತಿತು.

"ನಾವು ಟೆರ್ರಾದಲ್ಲಿದ್ದೀವಿ ಸಾರ್" ಎಂದುಬಿಟ್ಟ.

ಆ ಕಡೆ ಮೇಷ್ಟ್ರ ದನಿಯಲ್ಲಿ ಏನೋ ಸಿಕ್ಕಂಥ ಸಂತೋಷ. "ಟೆರ್ರಾ! ಎಷ್ಟು ದಿನ ಆಗಿತ್ತು ಈ ಮಾತು ಕೇಳಿ. ಬರ್ತೀನಿ, ಕೂತ್ಕೊಂಡು ಮಾತಾಡೋಣ. ಮನೆ ಗುರುತು ಹೇಳಿ."

"ಮುಂದೆ ಬೋರ್ಡಿದೆ ಸಾರ್. ಟೆರ್ರಾ ಅಂತ."

ಬೋರ್ಡು ಇರಲಿಲ್ಲ. ಫೋನು ಇಟ್ಟ ಮೇಲೆ ಅದು ಇರಲೇಬೇಕಾಯಿತು. ಗಡಿಗೆ ಒಣಗಿಸಲು ಇಟ್ಟಿದ್ದ ಒಂದು ಅಗಲವಾದ ಹಲಗೆಯನ್ನು ತೊಳೆದು, ಬಣ್ಣ ಹೊಡೆಸಿ, ಬೀದಿ ನೋಡುವಂತೆ ತೂಗುಹಾಕಿದರು. ಅವರ ಮಗ ನಮ್ಮ ಮನೆಯಿಂದಲೇ ಕುಂಡ ಹೊತ್ತುಕೊಂಡು ಹೋಗುತ್ತಾನೆ, ನಾವು ಯಾರು ಏನು ಎಲ್ಲ ಅವರಿಗೆ ಗೊತ್ತು, ಇದೆಲ್ಲ ಯಾಕೆ ಎಂದು ಹೆಂಡತಿ ಕೇಳಿದಳು.

"ಗೊತ್ತಿರೋದು ಬೇರೆ ಕಣೇ. ಕಣ್ಣಿಗೆ ಬೀಳೋದು ಬೇರೆ" ಎಂದ ಗಡಿಗೆಣ್ಣ.

ಬೋರ್ಡು ಮೊದಲು ಬಿದ್ದದ್ದು ಪರವಾನಗಿ ಸಾಹೇಬರ ಕಣ್ಣಿಗೆ. ಅವರು ಪುರಸಭೆಯ ಕಡೆಯಿಂದ ಬೀದಿ ನೋಡಿಕೊಂಡು ಹೋಗುವವರು. ಸೈಕಲ್ಲಿನಿಂದ ಇಳಿದು, ಬೋರ್ಡನ್ನು ಎಡದಿಂದ ಓದಿದರು, ಸ್ವಲ್ಪ ದೂರ ಹೋಗಿ ಓದಿದರು, ಹತ್ತಿರ ಬಂದು ಬಣ್ಣ ಮುಟ್ಟಿ ನೋಡಿದರು. ಇದು ಜಮೀನು ಮಾರುವ ಅಂಗಡಿಯೇ ಎಂದು ಕೇಳಿದರು. ಅಲ್ಲ ಎಂದ. ಗೊಬ್ಬರವೇ? ಅಲ್ಲ. ಹಾಗಾದರೆ ಏನು? ಅದೇ ಸ್ವಾಮಿ, ಮೊದಲಿನದೇ, ಆದರೆ ಲ್ಯಾಟಿನ್ನಿನಲ್ಲಿ ಎಂದ ಗಡಿಗೆಣ್ಣ.

ಸಾಹೇಬರು ಒಳ್ಳೆಯವರೇ. ಯಾರಿಗೂ ಕೆಡುಕು ಬಯಸಿದವರಲ್ಲ. ಆದರೆ ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಕೊಟ್ಟು ಅಭ್ಯಾಸವಿರಲಿಲ್ಲ. ನಿಮಗೆ ಅನುಮತಿ ಇರುವುದು ಮಡಕೆ ಸುಡಲು, ಟೆರ್ರಾ ಸುಡಲು ಅಲ್ಲ ಎಂದು ತಾಳ್ಮೆಯಿಂದ ತಿಳಿಹೇಳಿದರು.

"ಈ ಟೆರ್ರಾ ಹೊಗೆ ಬಿಡುತ್ತೋ, ಬಿಡಲ್ವೋ?"

"ಮಡಕೆ ಎಷ್ಟು ಬಿಡುತ್ತೋ ಅಷ್ಟೇ ಸ್ವಾಮಿ."

"ಅದು ನೀವು ಹೇಳೋದು. ಮೇಲಿನವರು ಹೇಳ್ಬೇಕು. ಅಲ್ಲೀತನಕ ಬೆಂಕಿ ಹಚ್ಬೇಡಿ."

ಬೋರ್ಡು ಇಳಿಸಿದರೆ ಎಲ್ಲ ಮುಗಿಯುತ್ತಿತ್ತು. ಹೆಂಡತಿ ಅದನ್ನೇ ಹೇಳಿದಳು, ದರ್ಜಿಯೂ ಹೇಳಿದ, ಸ್ವತಃ ಸಾಹೇಬರೇ ಸೈಕಲ್ ಹತ್ತುತ್ತ ಹೇಳಿದರು. ಆದರೆ ಬೋರ್ಡು ಇಳಿಸಿದರೆ ಮೇಷ್ಟ್ರು ಮನೆ ಹುಡುಕುವುದು ಹೇಗೆ? ಗಡಿಗೆಣ್ಣ ಆವಿಗೆ ಆರಿಸಿದ. ಮಗಳು ಮಾತ್ರ ಯಾರ ಮಾತೂ ಕೇಳಿಸದವಳಂತೆ ಚಕ್ರ ಒದೆಯುತ್ತಲೇ ಇದ್ದಳು. ಹಾಗಾಗಿ ಮಾಡಿದ ಗಡಿಗೆಗಳೆಲ್ಲ ತಿಳಿ ಬಳಿಸಿಕೊಂಡು, ಕೆಂಪಗೆ ಮಿಂಚುತ್ತ, ಬೇಯದೆ ಅಂಗಳದಲ್ಲಿ ಗುಂಪು ಕಟ್ಟಿದವು.

ಮೇಷ್ಟ್ರು ಬರುವ ದಿನ ಬೆಳಿಗ್ಗೆಯಿಂದ ಆ ಮನೆಯಲ್ಲಿ ನಡೆದದ್ದನ್ನು ಬೀದಿಯೆಲ್ಲ ನೋಡಿತು, ಅರ್ಧ ಬೀದಿ ಕೈಯನ್ನೂ ಹಚ್ಚಿತು. ಅಂಗಳದಲ್ಲಿ ಒಂದು ಚೂರು ಮಣ್ಣು ಕಾಣಬಾರದೆಂಬುದು ಗಡಿಗೆಣ್ಣನ ಅಪ್ಪಣೆ. ತುಳಿದಿಟ್ಟ ಮಣ್ಣಿನ ರಾಶಿಯ ಮೇಲೆ ಚಾಪೆ ಹಾಸಿ ಜಗಲಿ ಮಾಡಿದರು. ಆವಿಗೆಯನ್ನು ದರ್ಜಿ ತನ್ನ ಹಳೆಯ ಪರದೆ ಬಟ್ಟೆಗಳಿಂದ ಸುತ್ತಿ, ಅದಕ್ಕೊಂದು ಅಂಚು ಹೊಲಿದೂ ಕೊಟ್ಟ. ಕಾಲಿನಿಂದ ಒದ್ದು ತಿರುಗಿಸುವ ಚಕ್ರವನ್ನು ಎತ್ತಲು ಆಗಲಿಲ್ಲ. ಅದನ್ನು ನಡುಮನೆಗೆ ಎಳೆದು, ನೆಲ ಮುಟ್ಟುವಂತೆ ಬಟ್ಟೆ ಹೊದಿಸಿ, ಮೇಲೊಂದು ಹೂದಾನಿ ಇಟ್ಟರು. ನೋಡಿದವರು ದುಂಡನೆ ಮೇಜು ಎನ್ನಬೇಕು, ಹಾಗಿತ್ತು.

ಉಳಿದದ್ದು ಗಡಿಗೆಗಳು. ಬೆಂದವು ಕೆಲವು, ಬೇಯದವು ಹಲವು. ಮಂಚದ ಕೆಳಗೆ ತುಂಬಿದವು, ಕಪಾಟು ತುಂಬಿತು, ಆಮೇಲೂ ಉಳಿದವನ್ನು ಮಂಚದ ಮೇಲೆ ಉದ್ದಕ್ಕೆ ಸಾಲಾಗಿ ಮಲಗಿಸಿ ಕಂಬಳಿ ಹೊದಿಸಿದರು. ದರ್ಜಿ ಅಭ್ಯಾಸಬಲದಿಂದ ಒಂದನ್ನು ತಟ್ಟಲು ಹೋದ. ಗಡಿಗೆಣ್ಣ ಅವನ ಕೈ ಹಿಡಿದುಕೊಂಡ. ಇವತ್ತು ಯಾರೂ ಯಾವ ಗಡಿಗೆಯನ್ನೂ ತಟ್ಟಬಾರದು, ಸದ್ದು ಕೇಳಿದರೆ ಮನೆಯ ಕಸುಬು ಬಯಲಾಗುತ್ತದೆ ಎಂದು ಎಲ್ಲರಿಗೂ ಹೇಳಿದ. ಬದುಕಿನಲ್ಲಿ ಮೊದಲ ಸಲ ಅವನು ಹಾಗೆ ಹೇಳಿದ್ದು.

ಕೊನೆಗೆ ಮಗಳು ಬಂದು ಮುಂದೆ ನಿಂತಳು. ಒಳ್ಳೆಯ ಉಡುಪು, ಬಾಚಿದ ತಲೆ. ಎರಡೂ ಕೈ ಮುಂದೆ ಚಾಚಿದಳು. ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಬೆರಳು ಕೆಂಪಾಗಿದ್ದವು. ಉಗುರಿನ ಸಂದಿಯಲ್ಲಿ, ಅಂಗೈ ಗೆರೆಗಳಲ್ಲಿ ಮಣ್ಣಿನ ಬಣ್ಣ ಹಾಗೇ ಇತ್ತು.

"ಎಲ್ಲಾ ಬಚ್ಚಿಟ್ಟೆ ಅಪ್ಪ. ಇವನ್ನ ಎಲ್ಲಿಡ್ಲಿ?"

ಗಡಿಗೆಣ್ಣ ಆ ಕೈಗಳನ್ನೇ ನೋಡಿದ. ಮಡಿಲಲ್ಲಿ ಇಟ್ಟುಕೋ ಕಂದಾ, ಮೇಲೆ ಎತ್ತಬೇಡ ಎಂದು ಹೇಗೋ ಹೇಳಿ ಬಾಗಿಲ ಕಡೆ ತಿರುಗಿದ.

ಮೇಷ್ಟ್ರು ಕೊಡೆ ಊರಿಕೊಂಡು ಬಂದರು, ಹಿಂದೆ ಹುಡುಗ. ಬೋರ್ಡಿನ ಮುಂದೆ ನಿಂತು ಸಂತೋಷಪಟ್ಟರು. ಅಂಗಳಕ್ಕೆ ಕಾಲಿಟ್ಟದ್ದೇ ಮುಖ ಸ್ವಲ್ಪ ಇಳಿಯಿತು. ಸುತ್ತ ನೋಡಿದರು, ಮೂಲೆಗಳಲ್ಲಿ ಹುಡುಕುವಂತೆ ನೋಡಿದರು, ಚಾಪೆ ಹಾಸಿದ ಜಗಲಿಯನ್ನು ಕೊಡೆಯ ತುದಿಯಿಂದ ಒತ್ತಿದರು; ಕೊಡೆ ಒಳಕ್ಕೆ ಇಳಿದು ನಿಂತಿತು. ಏನೂ ಅನ್ನದೆ ಕಿತ್ತುಕೊಂಡರು. ಕೊಳೆ ಹುಡುಕುತ್ತಿದ್ದಾರೆ ಎಂದು ಗಡಿಗೆಣ್ಣ ತಿಳಿದುಕೊಂಡ. ಹುಡುಗ ಪರದೆ ಸುತ್ತಿದ ಆವಿಗೆಯನ್ನು ಕಂಡು ಏನೋ ಕೇಳಲು ಬಾಯಿ ತೆರೆದ. ಮಗಳು ಕಣ್ಣಲ್ಲೇ ಗದರಿದಳು. ಮುಚ್ಚಿಕೊಂಡ.

ಒಳಗೆ ಕೂತದ್ದಾಯಿತು. ಪಕ್ಕದ ಕೋಣೆಯ ಅರೆತೆರೆದ ಬಾಗಿಲಿನಿಂದ ಮಂಚದ ಮೇಲಿನ ಕಂಬಳಿ ಕಾಣುತ್ತಿತ್ತು. ಅಲ್ಲಿ ಯಾರೋ ಮಲಗಿದ್ದಾರಲ್ಲ ಎಂದು ಮೇಷ್ಟ್ರು ವಿಚಾರಿಸಿದರು.

"ನಮ್ಮಕ್ಕ ಸಾರ್. ಮೈ ಸರಿಯಿಲ್ಲ" ಎಂದ ಗಡಿಗೆಣ್ಣ. ಅವನಿಗೆ ಅಕ್ಕ ಇರಲಿಲ್ಲ.

ಮೇಷ್ಟ್ರು ಕೂಡಲೇ ದನಿ ತಗ್ಗಿಸಿದರು. ಅವರು ತಗ್ಗಿಸಿದ್ದರಿಂದ ಎಲ್ಲರೂ ತಗ್ಗಿಸಿದರು. ಆಮೇಲಿನ ಮಾತುಕತೆಯೆಲ್ಲ ಪಿಸುಮಾತಿನಲ್ಲೇ ನಡೆಯಿತು, ಬಾಗಿಲಾಚೆ ಕಿವಿಯಿಟ್ಟು ನಿಂತಿದ್ದ ದರ್ಜಿಗೆ ಬಹಳ ತೊಂದರೆಯಾಯಿತು.

ಚಹಾ ಬಂತು. ಮೇಷ್ಟ್ರು ಬಟ್ಟಲನ್ನು ದುಂಡು ಮೇಜಿನ ಮೇಲಿಟ್ಟು, ಕಾಲು ಚಾಚಿ ಆರಾಮಾಗಿ ಕೂತರು. ಚಾಚಿದ ಕಾಲು ಬಟ್ಟೆಯ ಒಳಗೆ ಏನನ್ನೋ ಒದೆಯಿತು. ಬಟ್ಟಲು ಹೊರಟಿತು. ನಿಧಾನವಾಗಿ, ಒಂದು ಹನಿಯೂ ಚೆಲ್ಲದೆ, ಹೂದಾನಿಯನ್ನು ಸುತ್ತಿಕೊಂಡು ಹುಡುಗನ ಮುಂದೆ ಹೋಗಿ, ಗಡಿಗೆಣ್ಣನ ಮುಂದೆ ಹಾದು, ಮತ್ತೆ ಮೇಷ್ಟ್ರ ಮುಂದೆ ಬಂದು ನಿಂತಿತು. ಮೇಷ್ಟ್ರು ಬಟ್ಟಲನ್ನೂ ಗಡಿಗೆಣ್ಣನನ್ನೂ ನೋಡಿದರು.

ತಿರುಗುವ ಮೇಜು, ಈಗ ಎಲ್ಲ ಕಡೆ ಇದೇ ಬಂದಿದೆ ಎಂದು ಗಡಿಗೆಣ್ಣ ಪಿಸುಗುಟ್ಟಿದ. ಮೇಷ್ಟ್ರು ಹೌದೇ ಎಂದು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡರು.

ಆಮೇಲೆ ಗಡಿಗೆಣ್ಣ ಕಾಯುತ್ತಿದ್ದ ಪರೀಕ್ಷೆ ಶುರುವಾಯಿತು. ಮೇಷ್ಟ್ರು ಟೆರ್ರಾದ ಮಾತೆತ್ತಿದರು. ಗಡಿಗೆಣ್ಣ ದರ್ಜಿಯ ಮಗಳ ಶಾಲೆ ಪುಸ್ತಕದಿಂದ ಬಾಯಿಪಾಠ ಮಾಡಿಟ್ಟಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ: ಭೂಮಿ, ಧರೆ, ಪೃಥ್ವಿ, ಇಳೆ, ವಸುಂಧರೆ, ಎಲ್ಲ ಟೆರ್ರಾವೇ ಸಾರ್, ಒಂದೇ.

"ಒಂದೇ ಅಲ್ಲ ನೋಡಿ" ಎಂದರು ಮೇಷ್ಟ್ರು. ಅವರ ಕಣ್ಣು ಮಿನುಗಿತು. ದನಿ ಮಾತ್ರ ಮಲಗಿದ ಅಕ್ಕನನ್ನು ಮರೆಯಲಿಲ್ಲ. "ಧರೆ ಅಂದ್ರೆ ಹೊರೋಳು. ನಮ್ಮನ್ನೆಲ್ಲ ಹೊತ್ಕೊಂಡಿರೋಳು. ಪೃಥ್ವಿ ಅಂದ್ರೆ ಅಗಲವಾದದ್ದು. ಭೂಮಿ ಅಂದ್ರೆ ಇರೋದು, ಅದರಲ್ಲೇ ಎಲ್ಲ ಆಗೋದು. ಟೆರ್ರಾ ಇವರ್ಯಾರೂ ಅಲ್ಲ. ಟೆರ್ರಾ ಅಂದ್ರೆ ಒಣಗಿದ್ದು. ಸುತ್ತ ಸಮುದ್ರ ಇಟ್ಕೊಂಡ ಜನ ಆ ಲ್ಯಾಟಿನ್ನಿನವರು. ಯಾವುದು ಒದ್ದೆ ಅಲ್ಲವೋ ಅದು ಟೆರ್ರಾ. ನಮ್ಮಲ್ಲಿ ತೃಷೆ ಅಂತೀವಲ್ಲ, ಬಾಯಾರಿಕೆ, ಅದೂ ಇದೂ ಒಂದೇ ಬೇರು ಅಂತ ತಿಳಿದವರು ಹೇಳ್ತಾರೆ."

ಹಾಗೆ ಹೇಳಿದ್ದೇ ಅವರಿಗೆ ನಿಜವಾಗಿಯೂ ಬಾಯಾರಿಕೆಯಾಯಿತು. ಹುಡುಗನ ಕಡೆ ತಿರುಗಿ, ಇವನು ಇಲ್ಲಿಯ ಗಡಿಗೆ ನೀರಿನ ರುಚಿ ಬಹಳ ಹೇಳುತ್ತಿದ್ದ, ಸಿಕ್ಕಿದರೆ ಸ್ವಲ್ಪ ಕುಡಿಯೋಣ ಎಂದರು.

ದರ್ಜಿಯ ಮನೆಯಿಂದ ಸಾಲ ತಂದ ಹೊಳೆಯುವ ಸ್ಟೀಲ್ ಜಗ್ಗು ಅಲ್ಲೇ ಇತ್ತು. ಬೀಗತನ ಬೆಳೆಸಲು ಬಂದವರು ಬಾಯಿಬಿಟ್ಟು ಗಡಿಗೆ ನೀರು ಕೇಳುವಾಗ ಜಗ್ಗು ತೋರಿಸುವುದು ಹೇಗೆ? ಗಡಿಗೆಣ್ಣ ಕೋಣೆಗೆ ಹೋಗಿ ಕತ್ತಲೆಯಲ್ಲಿ ಕಂಬಳಿಯ ತುದಿಯಿಂದ ಕೈಗೆ ಸಿಕ್ಕ ಒಂದು ಗಡಿಗೆಯನ್ನು ಎಳೆದ. ಅದು ಒಳ್ಳೆಯ ಗಡಿಗೆ, ಕೆಂಪಗೆ ಮಿಂಚುತ್ತಿತ್ತು. ಬೆರಳ ಗೆಣ್ಣು ತಾನಾಗಿ ಮೇಲೆದ್ದಿತು. ಸದ್ದಾದೀತೆಂದು ಮಡಚಿಕೊಂಡ. ಹಿತ್ತಲಲ್ಲಿ ನೀರು ತುಂಬಿಸಿ, ತಂದು, ಎಲ್ಲರಿಗೂ ಕಾಣುವಂತೆ ನಡುಮನೆಯ ಮಣೆಯ ಮೇಲೆ ಕೂರಿಸಿದ.

ಮೇಷ್ಟ್ರು ಒಂದು ಲೋಟ ಕುಡಿದು ಕಣ್ಣು ಮುಚ್ಚಿದರು. ಏನು ಪರಿಮಳ, ನೀರಲ್ಲಿ ಮಣ್ಣೇ ಬೆರೆತಂತಿದೆ ಎಂದರು. ಅದು ನಿಜವಾಗಿತ್ತು.

ಮಾತು ಮುಂದೆ ಸಾಗಿತು. ಹೊರಗಿನಿಂದ ದರ್ಜಿ ತಡೆಯಲಾರದೆ ಒಳಬಂದು ಟೆರಿಕಾಟಿನ ವಿಷಯ ಕೇಳಿಯೇಬಿಟ್ಟ. ಅದಕ್ಕೂ ಮಣ್ಣಿಗೂ ಸಂಬಂಧವಿಲ್ಲ ಎಂದು ಮೇಷ್ಟ್ರು ಹೇಳಿದರು. ದರ್ಜಿಯ ಮುಖ ಬಾಡಿದ್ದನ್ನು ಕಂಡು, ಆದರೆ ಮನೆಯ ತಾರಸಿ ಇದೆಯಲ್ಲ, ಅದು ಟೆರ್ರಾದ ಮೊಮ್ಮಗಳೇ ಎಂದು ಸಮಾಧಾನ ಮಾಡಿದರು. ದರ್ಜಿಯ ಮನೆಗೆ ತಾರಸಿ ಇತ್ತು. ಇಷ್ಟು ದಿನ ಮಣ್ಣಿನ ಕೆಳಗೆ ಮಲಗುತ್ತಿದ್ದೆನೇ ಎಂದು ಅವನು ಗಾಬರಿಯಾದ.

ಈ ನಡುವೆ ಮಣೆಯ ಮೇಲಿನ ಗಡಿಗೆ ಮೊದಲಿಗಿಂತ ಸ್ವಲ್ಪ ಗಿಡ್ಡವಾಗಿತ್ತು.

ಅದನ್ನು ಮೊದಲು ಕಂಡವಳು ಮಗಳು. ಒಣಗಿದ್ದರೂ ಬೇಯದ ಮಣ್ಣು ನೀರು ಕುಡಿಯುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಅಪ್ಪನ ಕಡೆ ನೋಡಿ ಗಡಿಗೆಯ ಕಡೆ ಕಣ್ಣು ಹೊರಳಿಸಿದಳು. ಗಡಿಗೆಣ್ಣ ಅದನ್ನು ನಾಚಿಕೆ ಎಂದು ತಿಳಿದು ಮೆಚ್ಚಿಗೆಯಿಂದ ತಲೆದೂಗಿದ. ಅವಳು ತಾಯಿಯ ಕಡೆ ನೋಡಿದಳು. ತಾಯಿ ಕಂಡಳು, ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಗಡಿಗೆಯ ಹೊಟ್ಟೆ ಮಣೆಯ ಮೇಲೆ ನಿಧಾನವಾಗಿ ಅಗಲವಾಗುತ್ತಿತ್ತು, ಊಟವಾದ ಮೇಲೆ ಕೂತ ಯಜಮಾನನಂತೆ.

ಅಷ್ಟರಲ್ಲಿ ಮೇಷ್ಟ್ರು ಅವಳನ್ನೇ ಮಾತಾಡಿಸಿದರು. "ನೀನೇನೂ ಹೇಳ್ಲಿಲ್ವಲ್ಲಮ್ಮ. ಇಷ್ಟು ಮಾತಾಯ್ತು. ನಿನಗೆ ಇದರಲ್ಲಿ ಯಾವುದು ಇಷ್ಟ?"

ಗಡಿಗೆಣ್ಣ ಪೃಥ್ವಿ, ಪೃಥ್ವಿ ಎಂದು ತುಟಿ ಆಡಿಸಿದ. ಮಗಳು ಗಡಿಗೆಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಮಣ್ಣು" ಎಂದಳು.

"ಅದ್ಯಾಕೆ?"

"ನೀವು ಹೇಳಿದ್ದು ಒಣಗಿದ್ದರ ಹೆಸರು. ನಾವು ಒಣಗಿದ್ದಕ್ಕೆ ಧೂಳು ಅಂತೀವಿ, ಹೆಂಟೆ ಅಂತೀವಿ. ನೀರು ಬಿದ್ದು ಕೈಗೆ ಅಂಟ್ಕೊಂಡ್ಮೇಲೇನೇ ನಮಗದು ಮಣ್ಣು. ಅಲ್ಲೀತನಕ ಅದು ಏನೂ ಆಗಲ್ಲ, ಏನು ಮಾಡೋಕೂ ಬರಲ್ಲ. ನೀರು ಜಾಸ್ತಿ ಕುಡಿದ್ರೆ…"

ಗಡಿಗೆಯ ಒಂದು ಪಕ್ಕೆ ಕುಸಿಯಿತು. ಮಗಳು ಎದ್ದು ಹಾರಿ, ಮಡಿಲಲ್ಲಿ ಅಡಗಿಸಿಕೊಂಡಿದ್ದ ಎರಡೂ ಕೈಗಳಿಂದ ಅದನ್ನು ತಬ್ಬಿ ಹಿಡಿದಳು. ಹಿಡಿದಲ್ಲೆಲ್ಲ ಅದು ಬೆರಳ ಸಂದಿಯಿಂದ ಜಾರಿತು. ಕೆಂಪು ನೀರು ಮಣೆಯಿಂದ ಇಳಿದು, ನಡುಮನೆಯ ಉದ್ದಕ್ಕೂ ಹರಿದು, ಸೀದಾ ಮೇಷ್ಟ್ರ ಪಾದ ಮುಟ್ಟಿತು. ಮಗಳು ಮೊಣಕೈವರೆಗೆ ಮಣ್ಣಾಗಿ, ಒಳ್ಳೆಯ ಉಡುಪಿನ ತುಂಬ ಕೆಸರಾಗಿ, ಕೈಯಲ್ಲಿ ಗಡಿಗೆಯ ಬಾಯಿಯೊಂದನ್ನೇ ಹಿಡಿದು ನೆಲದ ಮೇಲೆ ಕೂತಿದ್ದಳು.

ಗಡಿಗೆಣ್ಣನಿಗೆ ಹೊರಗೆ ಕಾರು ತಿರುಗಿಸಿದ ಸದ್ದು ಕೇಳಿಸಿದಂತಾಯಿತು. ಕಾರು ಇರಲಿಲ್ಲ, ಅವರು ನಡೆದು ಬಂದವರು.

ಮೇಷ್ಟ್ರು ಕಾಲು ತೆಗೆಯಲಿಲ್ಲ. ನೀರನ್ನೂ, ಮಣೆಯ ಮೇಲಿನ ಮುದ್ದೆಯನ್ನೂ, ಆ ಹುಡುಗಿಯ ಕೈಗಳನ್ನೂ ಒಂದಾದ ಮೇಲೊಂದು ನೋಡಿದರು. ಮುಖದಲ್ಲಿ ಬಂದಾಗಿನಿಂದ ಇದ್ದ ನಿರಾಸೆ ಹೋಗಿತ್ತು.

"ಟೆರ್ರಾ ಏನೋ ಸರಿ" ಎಂದು ಮೆಲ್ಲಗೆ ಕೇಳಿದರು. "ಕೋಟಾ ಎಲ್ಲಿ ಬಿಟ್ರಿ, ಬೀಗರೇ?"

ಗಡಿಗೆಣ್ಣನಿಗೆ ಮೊದಲಿನದೇನೂ ಕಿವಿಗೆ ಬೀಳಲಿಲ್ಲ. ಬಿದ್ದದ್ದು ಕೊನೆಯ ಮಾತು ಒಂದೇ. ಅದು ಯಾವ ಬೇರಿನಿಂದ ಬಂದದ್ದು, ಅದರ ಅಕ್ಕತಂಗಿಯರು ಯಾರು ಎಂದು ಅವನು ಕೇಳಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟ. ದರ್ಜಿ ತನ್ನ ಹೆಗಲ ಮೇಲಿದ್ದ ಅಳತೆ ಪಟ್ಟಿಯಿಂದ ಕಣ್ಣೊರೆಸಿಕೊಂಡ.

ಬೀಗರು ಎಂದ ಮೇಲೆ ಇನ್ನು ಪಿಸುಗುಟ್ಟುವುದೇಕೆ ಎಂದು ಗಡಿಗೆಣ್ಣನ ಹೆಂಡತಿಗೆ ಅನ್ನಿಸಿರಬೇಕು, ಗಟ್ಟಿಯಾಗಿ ನಗತೊಡಗಿದಳು. ಅಯ್ಯೋ, ಗದ್ದಲಕ್ಕೆ ಅಕ್ಕನವರಿಗೆ ಎಚ್ಚರವಾಗುತ್ತದೆ ಎಂದರು ಮೇಷ್ಟ್ರು. ಅವಳು ಕೋಣೆಗೆ ಹೋಗಿ ಕಂಬಳಿ ಎಳೆದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಸಾಲಾಗಿ ಮಲಗಿದ್ದ ಗಡಿಗೆಗಳನ್ನು ನೋಡಿದರು.

"ಇವರೆಲ್ಲ ಅಕ್ಕಂದಿರೋ?"

ಗಡಿಗೆಣ್ಣ ಎದ್ದು ಬಂದು, ಬೇರೇನು ಹೇಳಬೇಕೆಂದು ತಿಳಿಯದೆ, ಅಭ್ಯಾಸದ ಮಾತನ್ನೇ ಆಡಿದ. ತಟ್ಟಿ ನೋಡಿ ಸಾರ್ ಎಂದ. ಮೇಷ್ಟ್ರು ಒಂದೊಂದನ್ನೇ ತಟ್ಟಿದರು. ದಪ್ಪ್, ದಪ್ಪ್, ಖಣ್, ದಪ್ಪ್. ಮಗುವಿನಂತೆ ಇನ್ನೊಂದು ಸಲ ತಟ್ಟಿದರು. ಆಮೇಲೆ ತಮ್ಮ ದುಃಖ ತೋಡಿಕೊಂಡರು. ಮಣ್ಣನ್ನು ಚಕ್ರದ ಮೇಲೆ ಎಬ್ಬಿಸುವುದನ್ನು ನೋಡಬೇಕೆಂದು 'ಗಡಿಗೆ' ಎಂಬ ಮಾತು ಬಾಯಿಗೆ ಬಂದ ಚಿಕ್ಕಂದಿನಿಂದ ಇದ್ದ ಆಸೆಯನ್ನೆಲ್ಲ ಕಟ್ಟಿಕೊಂಡು ಬಂದರಂತೆ. ಅಂಗಳ ನೋಡಿದರೆ ಏನೂ ಇಲ್ಲ. ತಪ್ಪು ಮನೆಗೆ ಬಂದೆನೋ, ಮಗ ಸುಳ್ಳು ಹೇಳಿದನೋ ಎಂದು ಬಹಳ ಬೇಜಾರಾಯಿತಂತೆ. ಎಲ್ಲಿ ಇಟ್ಟಿದ್ದೀರಿ ಚಕ್ರವನ್ನು ಎಂದು ಕೇಳಿದರು.

ಹುಡುಗ ಅಂದು ಆ ಮನೆಗೆ ಬಂದ ಮೇಲೆ ಮೊದಲ ಸಲ ಬಾಯಿ ಬಿಟ್ಟ. "ಅದರ ಮೇಲೇ ಚಹಾ ಕುಡಿದ್ರಿ ಅಪ್ಪಾ."

ಹೂದಾನಿ ಇಳಿಯಿತು, ಬಟ್ಟೆ ಹೋಯಿತು. ಗಡಿಗೆ ಹಾಳಾಯಿತಲ್ಲ ಎಂದು ಗಡಿಗೆಣ್ಣ ಮಣೆಯ ಮುಂದೆ ಕುಕ್ಕರಿಸಿದ. ಮಗಳು ಅವನ ಪಕ್ಕದಲ್ಲೇ ಕೂತು ಕೆಸರನ್ನು ಅಂಗೈಯಿಂದ ಒಟ್ಟುಗೂಡಿಸುತ್ತಿದ್ದಳು.

"ಬೆಂದಿದ್ರೆ ಒಡೆದು ಹೋಗ್ತಿತ್ತಪ್ಪ. ಇದನ್ನ ಮತ್ತೆ ಕಲಸಬಹುದು" ಎಂದಳು. ಮಣ್ಣಾದ ಕೈಯನ್ನು ಅವನ ಭುಜದ ಮೇಲಿಟ್ಟಳು. ಒಳ್ಳೆಯ ಅಂಗಿಯ ಮೇಲೆ ಐದು ಬೆರಳೂ ಮೂಡಿದವು. ಗಡಿಗೆಣ್ಣ ಅದನ್ನು ಒರೆಸಿಕೊಳ್ಳಲಿಲ್ಲ.

ಆ ಮಧ್ಯಾಹ್ನ ಅದೇ ಮಣ್ಣನ್ನು ಕಲಸಿ ಮೇಷ್ಟ್ರೇ ಚಕ್ರದ ಮುಂದೆ ಕೂತರು. ಹುಡುಗಿ ಅವರ ಕೈಗೆ ಕೈ ಕೊಟ್ಟು ಮಣ್ಣನ್ನು ಎಬ್ಬಿಸಿದಳು. ಎದ್ದದ್ದು ಗಡಿಗೆ ಎಂದು ಹೇಳಲು ಧೈರ್ಯ ಬೇಕು. ಒಂದು ಕಡೆ ವಾಲಿತ್ತು, ಬಾಯಿ ಸೊಟ್ಟಗಿತ್ತು. ದರ್ಜಿ ಅದಕ್ಕೆ ತೋಳಿನ ಅಳತೆ ತಪ್ಪಿದೆ ಎಂದ.

ಮರುವಾರ ಪರವಾನಗಿ ಸಾಹೇಬರು, ಟೆರ್ರಾ ಹೊಗೆ ಬಿಡುತ್ತದೆಯೋ ಇಲ್ಲವೋ ಎಂಬುದನ್ನು ಮೇಲಿನವರು ಇನ್ನೂ ಚರ್ಚಿಸುತ್ತಿದ್ದಾರೆಂದು ತಿಳಿಸಲು ಬಂದರು. ಬೋರ್ಡು ಇರಲಿಲ್ಲ. ಅಂಗಳದಲ್ಲಿ ಅದೇ ಹಲಗೆ ಎರಡು ಕಲ್ಲುಗಳ ಮೇಲೆ ಅಡ್ಡಲಾಗಿತ್ತು, ಬರಹ ಕೆಳಗೆ ನೆಲ ನೋಡುತ್ತಿತ್ತು, ಮೇಲೆ ಹಸಿ ಗಡಿಗೆಗಳು ಒಣಗುತ್ತಿದ್ದವು. ಇಲ್ಲಿ ಏನು ಸುಡುತ್ತೀರಿ ಈಗ ಎಂದು ಸಾಹೇಬರು ಕೇಳಿದರು. ಮಡಕೆ ಸ್ವಾಮಿ ಎಂದ ಗಡಿಗೆಣ್ಣ. ಅದಕ್ಕೆ ಅನುಮತಿ ಇದೆಯಲ್ಲ, ಮತ್ತೇಕೆ ಸುಮ್ಮನೆ ಕೂತಿದ್ದೀರಿ ಎಂದು ಸಾಹೇಬರೇ ಗದರಿ ಹೋದರು. ಅಂದೇ ಆವಿಗೆ ಹೊತ್ತಿತು. ಅಕ್ಕಂದಿರೆಲ್ಲ ಒಟ್ಟಿಗೆ ಬೆಂದರು.

ಮೇಷ್ಟ್ರ ಗಡಿಗೆಯೂ ಬೆಂದಿತು. ಬೆಂಕಿ ಅದನ್ನು ಇನ್ನಷ್ಟು ವಾಲಿಸಿತು, ಒಡೆಯಲಿಲ್ಲ. ಗಡಿಗೆಣ್ಣ ಅದನ್ನು ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಿದ್ದಾನೆ. ಮಗಳು ಮದುವೆಯಾಗಿ ಸಸಿ ತೋಟದ ಮನೆಗೆ ಹೋದರೂ ಬೆಳಿಗ್ಗೆ ಚಕ್ರಕ್ಕೆ ಬಂದೇ ಬರುತ್ತಾಳೆ, ಅವಳ ಜೊತೆಗೆ ಕೊಡೆ ಊರಿಕೊಂಡು ಮೇಷ್ಟ್ರೂ ಬರುತ್ತಾರೆ. ಬಂದ ಕೂಡಲೇ, ನಮ್ಮದು ಏನನ್ನುತ್ತದೆ ಬೀಗರೇ ಎಂದು ಕೇಳುತ್ತಾರೆ. ಗಡಿಗೆಣ್ಣ ಬೆರಳ ಗೆಣ್ಣಿನಿಂದ ಆ ಸೊಟ್ಟ ಗಡಿಗೆಯನ್ನು ಒಂದು ಸಲ ತಟ್ಟುತ್ತಾನೆ. ಇಬ್ಬರೂ ತಲೆ ಬಗ್ಗಿಸಿ, ಆ ದನಿ ಪೂರ್ತಿ ಆರುವವರೆಗೆ ಕೇಳುತ್ತ ನಿಂತಿರುತ್ತಾರೆ.